ರೊಟ್ಟಿ ಮಷಿನ್ನಿನ ಸೋಮವಾರ

ಬೆಳವಣಕಿ,
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಆಯಿ,

ಪತ್ರ ಬರೆದದ್ದಕ್ಕೆ ಮೊದಲು ಕ್ಷಮಿಸಿಬಿಡು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ನರಗುಂದಕ್ಕೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನೀನು ಕನ್ನಡಕ ಹುಡುಕುತ್ತಲೇ ಗೊಣಗುತ್ತಿರುತ್ತೀ, ನನಗೆ ಗೊತ್ತು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೆ ಫೋನು ಹಿಡಿದರೆ ನಾವು ಏನು ಕೇಳಿದರೂ ನೀನು ಹೇಳುವುದು ಒಂದೇ, "ಹೂಂ, ಉಂಡೇನಿ, ನೀವು ಉಂಡ್ರಿ?" ಹೋದ ವಾರ ಅಪ್ಪ ಕಡಲೆಗೆ ಕೀಡೆ ಬಿದ್ದಿದೆ ಎಂದದ್ದಕ್ಕೂ ನೀನು "ಉಂಡೇನಿ" ಎಂದೆಯಂತೆ. ಕವಿತಾ ಅತ್ತಿಯ ಮೂಲಕ ಹೇಳಿಸಿದರೆ, ಅವರು ಅದನ್ನು ನಿನ್ನ ಕಿವಿಯಲ್ಲಿ ಕೂಗುವಷ್ಟರಲ್ಲಿ ನಿಮ್ಮ ಓಣಿಯವರೆಲ್ಲ ಕೇಳಿಸಿಕೊಂಡಿರುತ್ತಾರೆ. (ಅತ್ತಿ, ಈ ಪತ್ರವನ್ನು ನೀವೇ ಮೊದಲು ಒಡೆದಿದ್ದರೆ ಸಿಟ್ಟಾಗಬೇಡಿ. ನಿಮ್ಮ ದನಿ ಚಲೋ ಇದೆ ಎಂದೇ ಇದರ ಅರ್ಥ.) ನಾನೇ ಬಂದುಬಿಡೋಣವೆಂದರೆ ಶನಿವಾರದವರೆಗೆ ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಇಯತ್ತೆಯಿಂದ ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಓದಿದ ಮೊಮ್ಮಗಳ ಕನ್ನಡ ಇದು. ಎಲ್ಲಾದರೂ ತಪ್ಪಿದ್ದರೆ ಹಿಟ್ಟಿನಲ್ಲಿಯ ಹೊಟ್ಟಿನ ಹಾಗೆ ಜರಡಿ ಹಿಡಿದು ಓದಿಕೋ.

ಹೇಗಿದ್ದೀ ಆಯಿ? ಮೊಣಕಾಲಿನ ನೋವು ಚಳಿಗೆ ಹೆಚ್ಚಾಗಿಲ್ಲ ತಾನೆ? ಅಪ್ಪ ಕಳಿಸಿದ ಎಣ್ಣೆಯನ್ನು ನಿನ್ನ ಕಾಲಿಗೆ ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಅದನ್ನೂ ಕೂಸಿಗೇ ಹಚ್ಚಿ ಖಾಲಿ ಮಾಡಿದೆಯೋ? ಕೂಸು ಈಗ ಯಾರನ್ನಾದರೂ ನೋಡಿ ನಗುತ್ತದೆಯೇ? ಕವಿತಾ ಅತ್ತಿ ಕಳಿಸಿದ ಫೋಟೊದಲ್ಲಿ ಅದು ಅಪ್ಪನ ಹಾಗೆ ಹುಬ್ಬು ಗಂಟು ಹಾಕಿಕೊಂಡಿತ್ತು. ಅಪ್ಪನಿಗೆ ತೋರಿಸಿದರೆ, "ನನ್ನ ಹಂಗಲ್ಲ, ನಿಮ್ಮ ಆಯಿಯ ಹಂಗ. ಈಗಿಂದ ಎಲ್ಲಾರ ಲೆಕ್ಕ ಕೇಳಾಕ್ಹತ್ತೇತಿ" ಎಂದ. ಅತ್ತಿಯ ಮಗಳ ಬಾಣಂತನಕ್ಕೆಂದು ನೀನು ಹೋದ ಮೇಲೆ ಮನೆಯಲ್ಲಿ ಬೈಯುವವರಿಲ್ಲದೆ ನಾವೆಲ್ಲ ಸ್ವಲ್ಪ ಸಡಿಲಾಗಿದ್ದೇವೆ. ಅಪ್ಪ ಚಪ್ಪಲಿ ಹಾಕಿಕೊಂಡೇ ಪಡಸಾಲೆಗೆ ಬರುತ್ತಾನೆ. ಅವ್ವ ಎರಡು ಸಲ ಬೆಳಿಗ್ಗೆ ಉಪ್ಪಿಟ್ಟು ಮಾಡಿದಳು. ನಾನು ಬಸ್ಸಿಗೆ ತಡವಾಯಿತೆಂದು ಓಡುವಾಗ "ಎಣ್ಣಿ ಹಚ್ಚದ ತಲಿ ನೋಡು, ಬುರುಬುರು" ಎಂದು ಕೂಗುವವರಿಲ್ಲ. ಇದೆಲ್ಲ ಸುಖವೇ. ಆದರೂ ಸಂಜೆ ದೀಪ ಹಚ್ಚುವಾಗ ಅವ್ವ ನಿನ್ನ ಜಾಗದ ಕಡೆಗೆ ಒಮ್ಮೆ ನೋಡುತ್ತಾಳೆ.

ಹೊಲದ ಸುದ್ದಿ ಚಲೋ ಇದೆ. ಕೀಡೆ ಬಿದ್ದದ್ದು ಬದುವಿನ ಪಕ್ಕದ ಸಾಲಿಗೆ ಮಾತ್ರ, ಔಷಧ ಹೊಡೆದ ಮೇಲೆ ನಿಂತಿದೆ. ಉಳಿದ ಕಡಲೆ ಹೂವಿಗೆ ಬಂದಿದೆ. ಎರೆ ನೆಲ ಈ ವರ್ಷ ಹಸಿ ಹಿಡಿದು ಕೂತಿದೆ ಎಂದು ಅಪ್ಪ ದಿನಾ ಹೊಲದಿಂದ ಬಂದು ಹೊಸ ಸುದ್ದಿಯ ಹಾಗೆ ಹೇಳುತ್ತಾನೆ. ರೊಟ್ಟಿಯ ಸುದ್ದಿ ಇನ್ನೂ ಚಲೋ. ಗಜೇಂದ್ರಗಡದ ಇನ್ನೊಂದು ಖಾನಾವಳಿಯವರು ನಮ್ಮ ಖಡಕ್ ರೊಟ್ಟಿ ಕೇಳಿದ್ದಾರೆ. ಅವ್ವನ ಜೊತೆ ದುಡಿಯುವ ಇಬ್ಬರಲ್ಲಿ ಸಾಬೀರಾ ಕಾಕಿ ಈಗ ಎಸರು ನೋಡಿಯೇ ಹಿಟ್ಟು ಎಷ್ಟು ಕುಡಿಯುತ್ತದೆಂದು ಹೇಳುತ್ತಾರೆ. ಮಾನವ್ವ ಮಾತ್ರ ಮಷಿನ್ನಿನಿಂದ ಬಂದ ಪ್ರತಿ ರೊಟ್ಟಿಗೂ ಒಮ್ಮೆ ಕೈಯಿಂದ ತಟ್ಟಿಯೇ ಒಣಗಲು ಹಾಕುತ್ತಾಳೆ. ಯಾಕೆ ಎಂದು ಕೇಳಿದರೆ, "ಕೈಲೆ ಬಡೀದ ರೊಟ್ಟಿಗಿ, ತನ್ನ ಯಾರ್ ಮಾಡ್ಯಾರ ಅಂತ ಗೊತ್ತರ ಆಗಬೇಕಲ್ಲವಾ" ಎನ್ನುತ್ತಾಳೆ.

ಈ ಮಷಿನ್ನಿನದೇ ಒಂದು ಮಾತು ಇದೆ ಆಯಿ. ನೀನು ಟೆನ್ಷನ್ ಮಾಡಿಕೊಳ್ಳಬೇಡ. ಟೆನ್ಷನ್ನೆಲ್ಲ ನಾನೇ ಮಾಡಿಕೊಂಡಿದ್ದೇನೆ. ಹೋದ ವಾರ ನಮ್ಮ ಕ್ಲಾಸಿನಲ್ಲಿ ಅರ್ಥಶಾಸ್ತ್ರದ ಸರ್ ಸರಕಾರದ ಬೆಂಬಲದ ಗ್ರಾಮೀಣ ಸಾಲಗಳ ಪಾಠ ಮಾಡಿದರು. ಬೆಳೆಯುತ್ತಿರುವ ದೇಶಗಳಲ್ಲೆಲ್ಲ ಹೀಗೇ ಅಂತೆ: ಸಣ್ಣವರು ಬಿದ್ದುಹೋದಾರೆಂದು ಬ್ಯಾಂಕಿಗೆ ಅಂಜಿಕೆ, ಆ ಅಂಜಿಕೆಯ ಒಂದು ಪಾಲನ್ನು ಸರಕಾರ ತನ್ನ ತಲೆ ಮೇಲೆ ಹೊತ್ತುಕೊಳ್ಳುತ್ತದೆ. ನಾನು ಸಣ್ಣವಳಿದ್ದಾಗ ತುಂಬಿದ ಕೊಡ ಎತ್ತುವಾಗ ನೀನು ಕೆಳಗಿನಿಂದ ಕೈ ಕೊಡುತ್ತಿದ್ದೆಯಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಉದಾಹರಣೆ ಕೊಡಿ ಎಂದಾಗ ನಾನು ಜೀವನದಲ್ಲಿ ಮೊದಲ ಸಲ ಕೈ ಎತ್ತಿ, ನಮ್ಮ ಮನೆಯ ರೊಟ್ಟಿ ಮಷಿನ್ ಎಂದೆ. ಹಿಂದಿನ ಬೆಂಚಿನವರು ನಕ್ಕರು. ಸರ್ ನಗಲಿಲ್ಲ. ಮುಂದೆ ಹೇಳು ಎಂದರು. ಹೇಳಿದೆ: ಸಣ್ಣ ಆಹಾರ ಉದ್ಯಮದ ಯೋಜನೆಯಲ್ಲಿ ಅವ್ವನ ಹೆಸರಿಗೆ ಬ್ಯಾಂಕು ಸಾಲ ಕೊಟ್ಟಿದೆ, ಅದರಲ್ಲಿ ಸರಕಾರದ ಪಾಲು ಇದೆ, ಆದರೆ ಆ ಪಾಲು ನಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಬೇರೆಯಾಗಿ ಕೂತಿರುತ್ತದೆ. ಮಷಿನ್ ನಿಲ್ಲದೆ ನಡೆಯುತ್ತಿದೆ ಎಂದು ಅಧಿಕಾರಿಗಳು ಬಂದು ಕಣ್ಣಾರೆ ನೋಡಿ ಬರೆದುಕೊಂಡರೆ, ಕಡೆಗೆ ಸಾಲದಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಿಂತಿದೆ ಎಂದು ಬರೆದರೆ ಸರಕಾರ ಕೈ ತೆಗೆಯುತ್ತದೆ, ಕೊಡ ಪೂರ್ತಿ ಅವ್ವನ ತಲೆ ಮೇಲೆ. ಇಷ್ಟು ಹೇಳಿ ಕೂತೆ. ಆದರೆ ನಾನು ಕ್ಲಾಸಿನಲ್ಲಿ ಹೇಳದೇ ಬಿಟ್ಟ ಮಾತು ಒಂದಿತ್ತು. ನಮ್ಮ ಮಷಿನ್ ನಿಂತಿದೆ ಎಂದು ಆ ಹೊತ್ತಿಗಾಗಲೇ ಒಮ್ಮೆ ಬರೆದಾಗಿತ್ತು.

ಅದು ಹೇಗಾಯಿತೆಂದರೆ, ನಿನ್ನ ಸೋಮವಾರದಿಂದ ಆಯಿ, ಎತ್ತಿಗೆ ನೊಗ ಹೂಡದ ಆ ನೇಮದಿಂದ. ಇದು ದೂರು ಅಲ್ಲ, ಖರೇ ಹೇಳುತ್ತೇನೆ. ಯುಗಾದಿ ಮುಗಿದ ಮೇಲೆ ಮಷಿನ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಎತ್ತು ಮಾರಿದ ಮೇಲೆ ಖಾಲಿ ಬಿದ್ದಿದ್ದ ಜಾಗದಲ್ಲಿ, ಮೇವು ಹಾಕುತ್ತಿದ್ದ ಗ್ವಾದಲಿಯ ಪಕ್ಕದಲ್ಲೇ ಅದನ್ನು ನಿಲ್ಲಿಸಿದರು. ನೀನು ವಿಭೂತಿ ಹಚ್ಚಿದೆ, ಕಾಯಿ ಒಡೆದೆ, ಎತ್ತಿನ ಬೆನ್ನು ಸವರಿದ ಹಾಗೆ ಅದರ ಉಕ್ಕಿನ ಬೆನ್ನು ಸವರಿದೆ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿಕೊಂಡು ಹೇಳಿದೆ: "ಬಸವಣ್ಣನ ಜಾಗದಾಗ ನಿಂತೈತಿ. ಸೋಮವಾರ ಇದರ ಮ್ಯಾಲೂ ನೊಗ ಇಡಬ್ಯಾಡ್ರಿ. ಹೂಂ ಅನ್ರಿ." ಅವ್ವ ಹೂಂ ಅಂದಳು, ಮಾನವ್ವ ಹೂಂ ಅಂದಳು, ಸಾಬೀರಾ ಕಾಕಿ ಎಲ್ಲರಿಗಿಂತ ಜೋರಾಗಿ ಹೂಂ ಅಂದರು. ಮಷಿನ್ ಜೋಡಿಸಲು ಹುಬ್ಬಳ್ಳಿಯಿಂದ ಬಂದ ಹುಡುಗನೂ ಏನೆಂದು ತಿಳಿಯದೆ ಹೂಂ ಅಂದ. ಅಂದಿನಿಂದ ಒಂದು ಸೋಮವಾರವೂ ಅದು ತಿರುಗಿಲ್ಲ. ಆ ದಿನ ಅದಕ್ಕೆ ಮೈ ಒರೆಸಿ, ಬಾಗಿಲು ಎಳೆದು, ಹೊರಗೆ ಚಿಲಕ ಹಾಕುತ್ತಾರೆ.

ಈಗ ಬ್ಯಾಂಕಿನ ಸಾಹೇಬರ ವಿಷಯ. ಹೊಸಬರು, ಹೊರ ರಾಜ್ಯದವರು. ಕನ್ನಡದಲ್ಲಿ "ನಮಸ್ಕಾರ", "ಸಹಿ ಮಾಡಿ", "ಸಕ್ಕರೆ ಬ್ಯಾಡ" ಇಷ್ಟು ಬರುತ್ತದೆ. ಅವರು ನಮ್ಮ ಕಡೆಯ ಊರುಗಳಿಗೆ ಬರುವುದು ಸೋಮವಾರ ಮಾತ್ರ. ಉಳಿದ ದಿನ ಬೇರೆ ದಿಕ್ಕು, ಇಲ್ಲವೇ ಬ್ಯಾಂಕಿನಲ್ಲಿ ಗದ್ದಲ. ಮೊದಲ ಸಲ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಚಿಲಕ ನೋಡಿ, ಯಾಕೆ ಬಂದ್ ಎಂದು ಕೈಸನ್ನೆಯಲ್ಲಿ ಕೇಳಿದರಂತೆ. ಅವ್ವ, "ಸೋಮಾರ ಐತಲ್ರೀ ಇವತ್ತ" ಎಂದಳಂತೆ. ಅಷ್ಟು ಹೇಳಿದ ಮೇಲೆ ಇನ್ನೇನು ಹೇಳುವುದು ಉಳಿದಿದೆ ಎಂದು ಚಹಾ ಮಾಡಲು ಒಳಗೆ ಹೋದಳಂತೆ. ಸಾಹೇಬರು ಚಹಾ ಕುಡಿದು, ಚಿಲಕದ ಫೋಟೊ ತೆಗೆದುಕೊಂಡು ಹೋದರು. ಬ್ಯಾಂಕಿನಲ್ಲಿ "ಘಟಕ ನಿಂತಿದೆ" ಎಂದು ಬರೆದುಕೊಂಡಿದ್ದಾರೆಂದು ಆಮೇಲೆ ಗೊತ್ತಾಯಿತು.

ಮೊನ್ನೆ ಸೋಮವಾರ ಮತ್ತೆ ಬಂದರು. ಈ ಸಲ ನಾನು ಕ್ಲಾಸು ಬಿಟ್ಟು ಮನೆಯಲ್ಲೇ ಕಾದಿದ್ದೆ. ಬೆಳಗಿನಿಂದ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಸಾಹೇಬರು ಮೋಟರ್‌ಸೈಕಲ್ಲಿನಿಂದ ಇಳಿದು ನನ್ನ ಕಡೆ ನೋಡಿದ್ದೇ ತಡ, ಎಲ್ಲ ಮರೆತು, "ಸರ್, ಟುಡೇ ಅವರ್ ಮಷಿನ್ ಈಸ್ ಫಾಸ್ಟಿಂಗ್" ಎಂದುಬಿಟ್ಟೆ. ಅವರು ಹೆಲ್ಮೆಟ್ಟು ತೆಗೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಮಷಿನ್ ಉಪವಾಸವಿದೆಯೇ ಎಂದು ಕೇಳಿದರು. ಸಾಬೀರಾ ಕಾಕಿಗೆ ಏನು ತಿಳಿಯಿತೋ, ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದರು. ಆಮೇಲೆ ನಾನು ಕೂತು ನಿಧಾನವಾಗಿ ಎಲ್ಲ ಹೇಳಿದೆ, ಎತ್ತು, ನೊಗ, ಬಸವಣ್ಣ, ನೀನು. ಅವರು ಒಳ್ಳೆಯವರೇ ಆಯಿ. ತಮ್ಮ ಊರಿನಲ್ಲೂ ಅಜ್ಜಿ ಶನಿವಾರ ಕಬ್ಬಿಣ ಕೊಳ್ಳಲು ಬಿಡುವುದಿಲ್ಲ ಎಂದರು. ಆದರೆ ಕಡೆಗೆ ಹೇಳಿದ್ದು ಇದು: ನಾನು ನಂಬುತ್ತೇನೆ ತಂಗಿ, ಆದರೆ ತಿರುಗುವ ಮಷಿನ್ನಿನ ಪಕ್ಕ ನಿನ್ನ ತಾಯಿ ನಿಂತ ಫೋಟೊ ಬೇಕು, ಮುಂದಿನ ಸೋಮವಾರ ಜಿಲ್ಲೆಯ ಅಧಿಕಾರಿಯೂ ನನ್ನ ಜೊತೆ ಬರುತ್ತಾರೆ, ಅವರ ದಿನ ಬದಲಿಸುವುದು ನನ್ನ ಕೈಯಲ್ಲಿಲ್ಲ, ಅಂದೂ ಚಿಲಕ ಇದ್ದರೆ ಸರಕಾರದ ಪಾಲು ತಡೆದುಬಿಡುತ್ತಾರೆ. ಹೋಗುವಾಗ ಅವ್ವನಿಗೆ ಕೈ ಮುಗಿದು, "ಸೋಮವಾರ, ಚಾಲೂ, ಪ್ಲೀಸ್" ಎಂದರು. ಮುಂದಿನ ಸೋಮವಾರ ಎಂದರೆ ಕಾರ್ತೀಕದ ಕಡೆಯ ಸೋಮವಾರ. ನನ್ನ ಎದೆಯಲ್ಲಿ ಆಗಿನಿಂದ ಗಿರಣಿ ತಿರುಗುತ್ತಿದೆ, ಸೋಮವಾರ ಮಂಗಳವಾರ ಎಂಬ ಭೇದವಿಲ್ಲದೆ.

ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಅಪ್ಪ, "ಮುದುಕಿ ನರಗುಂದದಾಗೈತಿ. ತಾಸೊತ್ತು ತಿರಗಿಸಿ ಬಂದ್ ಮಾಡಿದ್ರ ಆಕಿಗೆ ಯಾರ್ ಹೇಳ್ತಾರ?" ಎಂದ. ಇದನ್ನು ಬರೆಯಬೇಡ ಎಂದೂ ಹೇಳಿದ್ದ, ಬರೆದುಬಿಟ್ಟೆ. ಅವ್ವ ರೊಟ್ಟಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಹೇಳ್ತೀನಿ" ಎಂದಳು ಅಷ್ಟೇ. ಅಪ್ಪ ಇನ್ನೊಂದು ದಾರಿ ಹುಡುಕಿದ. ಹಿಟ್ಟು ಹಾಕದೆ ಬರೀ ತಿರುಗಿಸಿದರೆ ಅದು ದುಡಿಮೆ ಅಲ್ಲವಲ್ಲ ಎಂದ. ಅದಕ್ಕೆ ಮಾನವ್ವ, "ಎತ್ತಿನ ಹೆಗಲಿಗೆ ನೊಗ ಇಟ್ಟು ಬರೇ ಓಣ್ಯಾಗ ಮೆರವಣಿಗಿ ಮಾಡಿದ್ರ ನಡೀತೈತೇನೋ ಶಶಿಕಾಂತ? ಹೊಟ್ಟಿಗಿ ಹಾಕದ ದುಡಿಸಿದ್ರ ಅದು ಇನ್ನೂ ದೊಡ್ಡ ಪಾಪ" ಎಂದಳು. ಅಪ್ಪ ಆಗ ಸಾಬೀರಾ ಕಾಕಿಯ ಕಡೆ ತಿರುಗಿ, ನಿಮಗೇನೂ ಸೋಮವಾರದ ನೇಮವಿಲ್ಲ, ನೀವೊಬ್ಬರೇ ಒಳಗೆ ಹೋಗಿ ಗುಂಡಿ ಒತ್ತಿಬಿಡಿ ಎಂದ. ಕಾಕಿಗೆ ಖರೇನೇ ಸಿಟ್ಟು ಬಂತು. "ದೊಡ್ಡವ್ವನ ಮುಂದ ನಿಂತು ಹೂಂ ಅಂದಾಕಿ ನಾನು. ಆಕಿ ಹಿಂದ ಉಹೂಂ ಅನ್ನಾಕ ನನ್ನ ನಾಲಗಿ ಹೊರಳಂಗಿಲ್ಲ. ನೇಮ ನಿಮ್ಮದಿರಬಹುದು ಅಣ್ಣಾ, ಮಾತು ನಂದೈತಿ" ಎಂದರು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು, "ನೀವು ನಾಕ ಮಂದಿ ಒಂದಾದ್ರ ನಾ ಕಡ್ಲಿ ನೋಡಾಕ ಹೋಗೂದ ಚಲೋ" ಎಂದು ಹೊಲಕ್ಕೆ ಹೋದ.

ಅವ್ವನಿಗೆ ಸಾಲದ ಚಿಂತೆ ಇಲ್ಲವೆಂದಲ್ಲ ಆಯಿ. ಸರಕಾರದ ಪಾಲು ನಿಂತರೆ ಖಾನಾವಳಿಗೆ ಎಷ್ಟು ರೊಟ್ಟಿ ಕಳಿಸಿದರೂ ಕಂತು ಕಟ್ಟುವುದರಲ್ಲೇ ಹೋಗುತ್ತದೆ. ಮಾನವ್ವನಿಗೂ ಕಾಕಿಗೂ ದಿನಾ ಕೆಲಸ ಕೊಡುವುದು ಆಗುವುದಿಲ್ಲ. ಅವ್ವ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಗಜೇಂದ್ರಗಡದವರಿಗೆ ಹೂಂ ಎಂದು ಇನ್ನೂ ಹೇಳಿಲ್ಲ. ಅಷ್ಟಾದರೂ ನಿನ್ನನ್ನು ಕೇಳದೆ ಚಿಲಕ ತೆಗೆಯುವುದಿಲ್ಲ ಎಂದು ಕೂತಿದ್ದಾಳೆ. ನಾನು ಮೊದಲು, ಹಾಸ್ಟೆಲ್ ಬುದ್ಧಿಯಲ್ಲಿ, ಇದೆಂಥ ಹಟ ಅಂದುಕೊಂಡೆ. ಹಾಸ್ಟೆಲ್ಲಿನಲ್ಲಿ ವಾರ್ಡನ್ ಇಲ್ಲದಿದ್ದರೆ ನಿಯಮವೂ ಇರುತ್ತಿರಲಿಲ್ಲ. ಇಲ್ಲಿ ನೀನು ಇಲ್ಲದಾಗಲೇ ಅದು ಹೆಚ್ಚು ಗಟ್ಟಿಯಾಗಿದೆ. ನನಗೆ ಇದು ಒಳಗೊಳಗೆ ಸೇರಿತು ಎಂದೂ ಹೇಳಿಬಿಡುತ್ತೇನೆ. ಪರೀಕ್ಷೆಗೆ ಓದಲು ಕೂತರೆ ಪುಸ್ತಕದಲ್ಲಿ ಯೋಜನೆ, ಫಲಾನುಭವಿ, ತಪಾಸಣೆ ಎಲ್ಲ ಇದೆ. ಅತ್ತೆಗೆ ಕೊಟ್ಟ ಮಾತು ಎಂಬ ಅಧ್ಯಾಯ ಮಾತ್ರ ಎಲ್ಲೂ ಇಲ್ಲ.

ಆದ್ದರಿಂದ ಕೈ ಮುಗಿದು ಕೇಳುತ್ತಿದ್ದೇನೆ ಆಯಿ. ಈ ಒಂದು ಸೋಮವಾರಕ್ಕೆ ಪರವಾನಗಿ ಕೊಡು. ನಾಲ್ಕು ಅಕ್ಷರ ಬರೆದರೆ ಸಾಕು, ಅವ್ವನಿಗೂ ಕಾಕಿಗೂ ನಾನು ಓದಿ ತೋರಿಸುತ್ತೇನೆ. ಆಗದು ಎಂದರೂ ಬರೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಂದು ಸಾಹೇಬರಿಬ್ಬರಿಗೂ ಚಹಾ ಕೊಟ್ಟು, ನಾನು ಇನ್ನೊಮ್ಮೆ ಇಂಗ್ಲಿಷಿನಲ್ಲಿ ಪ್ರಯತ್ನ ಮಾಡುತ್ತೇನೆ, ಈ ಸಲ ಉಪವಾಸದ ಮಾತು ತೆಗೆಯುವುದಿಲ್ಲ.

ಕೂಸಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಅತ್ತಿಗೂ ಬಾಣಂತಿಗೂ ನನ್ನ ನೆನಪು ಹೇಳು. ಅವ್ವ ಬಾಣಂತಿಗೆಂದು ಅಂಟಿನುಂಡಿ ಕಟ್ಟಿದ್ದಾಳೆ, ಪತ್ರದ ಜೊತೆಗೇ ಬರುತ್ತದೆ. ನೀನೂ ಒಂದು ತಿನ್ನು, ಎಲ್ಲ ಹಂಚಿಬಿಡಬೇಡ. ಇಲ್ಲಿಂದಲೇ ನಿನ್ನ ಕಾಲು ಮುಟ್ಟುತ್ತಿದ್ದೇನೆ, ನೋವಿರುವ ಮೊಣಕಾಲನ್ನು ಬಿಟ್ಟು.

ನಿನ್ನ ಬುರುಬುರು ತಲೆಯ ಮೊಮ್ಮಗಳು,
ರಾಜೇಶ್ವರಿ

ತಾ.ಕ.: ಪಾಕೀಟು ಅಂಟಿಸುವ ಮುಂಚೆ ಅವ್ವ ಬಂದು, ಏನು ಬರೆದೆ ಓದು ಎಂದಳು. ಓದಿದೆ. ಪರವಾನಗಿಯ ಮಾತು ಬಂದಾಗ ಬೇಡ ಎಂದು ತಲೆ ಅಲ್ಲಾಡಿಸಿ, ನನಗೆ ಯಾರೂ ಹೇಳಿರದ ಒಂದು ಸಂಗತಿ ಹೇಳಿದಳು. ಅವಳು ಈ ಮನೆಗೆ ಬಂದ ವರ್ಷ ಹಿಂಗಾರಿ ಬಿತ್ತನೆಗೆ ಹೊಲ ಹದಕ್ಕೆ ಬಂದದ್ದು ಸೋಮವಾರವಂತೆ. ಒಂದು ದಿನ ತಡವಾದರೆ ಹಸಿ ಆರಿಹೋಗುತ್ತಿತ್ತಂತೆ. ಅಜ್ಜ ಏನೂ ತೋಚದೆ ಅಂಗಳದಲ್ಲಿ ನಿಂತಿದ್ದರಂತೆ. ಆಗ ನೀನು ಎತ್ತಿನ ಕಾಲು ತೊಳೆದು, ಬೆಲ್ಲ ತಿನ್ನಿಸಿ, ಅವುಗಳ ಕಿವಿಯ ಹತ್ತಿರ ಬಗ್ಗಿ, "ಹದ ನಮ್ಮ ಕೈಯಾಗಿಲ್ಲಪಾ. ಇವತ್ತೊಂದಿನ ನಡೀರಿ. ನಾಳಿ ನಿಮ್ಮನ್ನ ಯಾರೂ ಎಬ್ಬಸಂಗಿಲ್ಲ" ಎಂದೆಯಂತೆ. ಮರುದಿನ ಊರೆಲ್ಲ ಬಿತ್ತುತ್ತಿದ್ದರೂ ನಮ್ಮ ಎತ್ತು ಮಲಗಿ ಮೆಲಕು ಹಾಕುತ್ತಿದ್ದವಂತೆ. ಅವ್ವ ಹೇಳುತ್ತಾಳೆ: "ಚೀಟ್ಯಾಗ ಬರದು ಕಳಸಬ್ಯಾಡ ಅನ್ನು. ಕೇಳಬೇಕಾದ್ದು ಆಕಿನ್ನಲ್ಲ, ಆ ಮಷಿನ್ನ. ಕೇಳಾಕ ಬರೂದು ಆಕಿಗಷ್ಟ." ಆಯಿ, ನೀನೇ ಬಾ. ಈ ಪತ್ರ ತರುವ ಖಾದರ ಕಾಕಾ ಭಾನುವಾರ ಮತ್ತೆ ರೊಟ್ಟಿ ಹಾಕಲು ನರಗುಂದಕ್ಕೆ ಬರುತ್ತಾರೆ, ಗಾಡಿಯ ಮುಂದಿನ ಸೀಟು ನಿನಗೆ. ಸೋಮವಾರ ಬೆಳಿಗ್ಗೆ ಸಾಹೇಬರು ಬರುವ ಮುಂಚೆ ನೀನು ಮಷಿನ್ನಿಗೆ ಒಂದು ಮಾತು ಕೇಳು. ಮಂಗಳವಾರ ಅದಕ್ಕೆ ರಜೆ, ಆ ದಿನ ರೊಟ್ಟಿ ಇಲ್ಲವೆಂದು ಗಿರಾಕಿಗಳಿಗೆಲ್ಲ ಅವ್ವ ಈಗಲೇ ಹೇಳಿಬಿಟ್ಟಿದ್ದಾಳೆ. ಅಂದೇ ಕಾಕಾ ನಿನ್ನನ್ನು ಕೂಸಿನ ಹತ್ತಿರ ಮುಟ್ಟಿಸುತ್ತಾರೆ. ನೀನು ಇದನ್ನು ಓದುವಾಗ ಕಾಕಾ ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಬರುತ್ತೀಯೋ ಇಲ್ಲವೋ, ದಯವಿಟ್ಟು ಅವರ ಕೈಯಲ್ಲೇ ಲಗೂ ಉತ್ತರ ಕಳಿಸು.